ಗಲ್ಲು ಶಿಕ್ಷೆಯ ಮೊಕದ್ದಮೆಯಲ್ಲಿ ಬಡ ಕುಟುಂಬ ಮಾಡಬೇಕಾದ ಕೆಲಸಗಳು

ಬಡವರನ್ನೇ ನೇಣಿಗೆ ಹಾಕಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಆದರೂ ಮರಣದಂಡನೆಗೆ ಗುರಿಯಾದವರಲ್ಲಿ ಹೆಚ್ಚಿನವರು ಅವರೇ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವು ಇಂಥ ಕೈದಿಗಳನ್ನು ಜೈಲುಗಳಲ್ಲಿ ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದ್ಯೋಗ ಮತ್ತು ಜಮೀನಿನ ಲೆಕ್ಕದಲ್ಲಿ ಅವರ ಪೈಕಿ ಶೇ 74.1ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಬಹುಮತದಿಂದ ಎತ್ತಿಹಿಡಿದ ಬಚನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು 1982ರಲ್ಲಿ ನೀಡಿದ ಭಿನ್ನಮತದ ತೀರ್ಪು, ಈ ಶಿಕ್ಷೆ ಬಹುಮಟ್ಟಿಗೆ ಬಡವರ, ತುಳಿತಕ್ಕೊಳಗಾದವರ ಮೇಲೆಯೇ ಎರಗುತ್ತದೆ ಎಂದು ಅಂದೇ ಹೇಳಿತ್ತು. ಬಡತನವು ಮೊಕದ್ದಮೆಯನ್ನು ಕೆಡಿಸುವುದು ಮುಖ್ಯವಾಗಿ ಎರಡು ಬಗೆಯಲ್ಲಿ: ವಕೀಲರು ಸರಿಯಾಗಿ ಸಿಗದೆ ಹೋಗುವುದು, ಮತ್ತು ಆರೋಪಿಯ ಬದುಕಿನ ಬಗ್ಗೆ ಕಡತದಲ್ಲಿ ಒಂದು ಹಾಳೆಯೂ ಸೇರದೆ ಉಳಿಯುವುದು. ಇವೆರಡನ್ನೂ ತಡೆಯಲು ಮನೆಯವರು, ಊರಿನ ತಿಳಿದವರು ಮತ್ತು ಇಂಥ ಮೊಕದ್ದಮೆಗೆ ಹೊಸಬರಾದ ವಕೀಲರು ಏನು ಮಾಡಬಹುದು ಎಂಬುದನ್ನು ಇಲ್ಲಿ ಹೇಳಲಾಗಿದೆ.

ಮೊದಲನೆಯದು ವಕೀಲರ ವಿಚಾರ. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಕೊಟ್ಟಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಅರ್ಜಿ ಕೊಡಬಹುದು, ಜೈಲಿನ ಅಧಿಕಾರಿಗಳ ಮೂಲಕವೂ ಕಳುಹಿಸಬಹುದು, 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಸರ್ಕಾರ ಕೊಡುವ ಉಚಿತ ವಕೀಲರೆಂದರೆ ಕಾಟಾಚಾರದ ಕೆಲಸ ಎಂಬ ಭಯದಿಂದ ಹೊಲ ಅಡವಿಟ್ಟು, ಕೊರಳ ತಾಳಿ ಮಾರಿ ಖಾಸಗಿ ವಕೀಲರನ್ನು ಹಿಡಿಯುವ ಕುಟುಂಬಗಳು ಬಹಳ. ಹಾಗೆ ಕೊಟ್ಟ ಹಣವೂ ಮೊದಲ ಕೆಲವು ವಾಯಿದೆಗಳಿಗೇ ಮುಗಿದುಹೋದರೆ, ಮುಖ್ಯ ಸಾಕ್ಷಿಗಳ ಪಾಟೀಸವಾಲಿನ ಹೊತ್ತಿಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ವಕೀಲರು ಸರ್ಕಾರ ಕೊಟ್ಟವರೇ ಖಾಸಗಿಯವರೇ ಎಂಬುದಕ್ಕಿಂತ, ಅವರು ಜೈಲಿಗೆ ಹೋಗಿ ಆರೋಪಿಯೊಂದಿಗೆ ಕುಳಿತು ಮಾತನಾಡಿದ್ದಾರೆಯೇ, ಚಾರ್ಜ್‌ಶೀಟ್ ಅನ್ನು ಪೂರ್ತಿ ಓದಿದ್ದಾರೆಯೇ ಎಂದು ನೋಡಬೇಕು.

ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಅನೋಖಿಲಾಲ್ ಪ್ರಕರಣದಲ್ಲಿ, ವಕೀಲರನ್ನು ನೇಮಿಸಿದ ದಿನವೇ ಆರೋಪ ನಿಗದಿ ಮಾಡಿ ತರಾತುರಿಯಲ್ಲಿ ವಿಚಾರಣೆ ಮುಗಿಸಿದ್ದನ್ನು ಕಂಡ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ ಆ ಶಿಕ್ಷೆಯನ್ನು ರದ್ದುಪಡಿಸಿತು. ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಪ್ರಕರಣಗಳಲ್ಲಿ ನ್ಯಾಯಾಲಯ ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷಗಳ ಅನುಭವವಿರಬೇಕು, ಸಿದ್ಧತೆಗೆ ಸಾಮಾನ್ಯವಾಗಿ 7 ದಿನಗಳಾದರೂ ಸಿಗಬೇಕು ಎಂದು ಅದೇ ತೀರ್ಪು ಹೇಳಿದೆ. ಇದು ಪಾಲನೆಯಾಗದಿದ್ದರೆ, ಆರೋಪಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿನೊಂದಿಗೆ ಒಂದು ಪುಟದ ಮನವಿಯನ್ನು ನ್ಯಾಯಾಧೀಶರಿಗೂ ಪ್ರಾಧಿಕಾರಕ್ಕೂ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಮುಂದೆ ಮೇಲ್ಮನವಿಯಲ್ಲಿ ಆ ಮೊಹರಿಗೆ ಬಹಳ ಬೆಲೆ ಬರುತ್ತದೆ.

ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುವ ಹಂತ ಬರುತ್ತದೆ. ಕಟಕಟೆಯಲ್ಲಿ ನಿಂತ ಅಂಜುಬುರುಕ ಮನುಷ್ಯ ಪ್ರತಿ ಪ್ರಶ್ನೆಗೂ "ಸುಳ್ಳು", "ಗೊತ್ತಿಲ್ಲ" ಎನ್ನುತ್ತ ಹೋಗುತ್ತಾನೆ. ಅವನಿಗೆ ತಿಳಿದಿದ್ದ ವಿವರಣೆ ಅವನ ಬಾಯಲ್ಲೇ ಉಳಿಯುತ್ತದೆ. ಲಿಖಿತ ಹೇಳಿಕೆ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ವಕೀಲರಿಗೆ ಆ ದಿನಕ್ಕೆ ಮೊದಲೇ ನೆನಪಿಸಬೇಕು.

ಇನ್ನು ಎರಡನೆಯ ವಿಚಾರ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು. ಅಪರಾಧ ಸಾಬೀತಾಯಿತು ಎಂದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಬೇಕು. ಅನೇಕ ತೀರ್ಪುಗಳಲ್ಲಿ ಈ ಭಾಗ ಮೂರೇ ಸಾಲಿನದು: ತಾನು ಬಡವನೆಂದೂ, ಮನೆಯಲ್ಲಿ ವಯಸ್ಸಾದ ತಾಯಿ ಮತ್ತು ಸಣ್ಣ ಮಕ್ಕಳಿದ್ದಾರೆಂದೂ, ಕನಿಕರ ತೋರಬೇಕೆಂದೂ ಆರೋಪಿ ಬೇಡಿಕೊಂಡನು. ಇದರ ಮುಂದಿನ ಸಾಲಿನಲ್ಲೇ ಪ್ರಾಸಿಕ್ಯೂಷನ್‌ನ ವಾದ ಆರಂಭವಾಗುತ್ತದೆ. ಹಣವಂತ ಆರೋಪಿಯ ಪರವಾಗಿ ಮನೋವೈದ್ಯರ ವರದಿ, ಓದಿನ ದಾಖಲೆ, ಊರಿನ ಗಣ್ಯರ ಪ್ರಮಾಣಪತ್ರ ಎಲ್ಲವೂ ಬರುತ್ತವೆ. ಬಡವನ ಪರವಾಗಿ "ಬಡವ" ಎಂಬ ಒಂದು ಪದ ಬರುತ್ತದೆ, ದಾಖಲೆಯಿಲ್ಲದ ಆ ಪದಕ್ಕೆ ನ್ಯಾಯಾಲಯದಲ್ಲಿ ತೂಕವಿಲ್ಲ.

ತೂಕ ತರುವ ದಾರಿ ಇದೆ. 1980ರ ಬಚನ್ ಸಿಂಗ್ ಪ್ರಕರಣದ ಬಹುಮತದ ತೀರ್ಪಿನ ಪ್ರಕಾರ ನ್ಯಾಯಾಧೀಶರು ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು, ಅವನು ಸುಧಾರಿಸಲಾರ ಎಂಬುದನ್ನು ತೋರಿಸುವ ಹೊಣೆ ಸರ್ಕಾರದ್ದು. ಸಾಮಾಜಿಕ ಮತ್ತು ಆರ್ಥಿಕ ಹಿನ್ನೆಲೆಯನ್ನು ಶಿಕ್ಷೆ ತಗ್ಗಿಸುವ ಅಂಶವಾಗಿ ಪರಿಗಣಿಸಬಹುದೆಂದು 2010ರ ಮುಲ್ಲಾ ಪ್ರಕರಣ ಒಪ್ಪಿಕೊಂಡಿತು. 2022ರ ಮನೋಜ್ ಪ್ರಕರಣವು ಇನ್ನೂ ಮುಂದೆ ಹೋಗಿ, ಆರೋಪಿಯ ಬಾಲ್ಯ, ಕುಟುಂಬ, ಶಿಕ್ಷಣ, ಮಾನಸಿಕ ಆರೋಗ್ಯ, ಜೈಲಿನ ನಡವಳಿಕೆ ಇವುಗಳ ಮಾಹಿತಿಯನ್ನು ವಿಚಾರಣಾ ನ್ಯಾಯಾಲಯವೇ ತರಿಸಿಕೊಳ್ಳಬೇಕೆಂದು ಸೂಚಿಸಿತು. ಹೀಗಿರುವಾಗ, ತೀರ್ಪು ಬರುವವರೆಗೆ ಕಾಯದೆ, ವಿಚಾರಣೆ ನಡೆಯುತ್ತಿರುವಾಗಲೇ ಮನೆಯವರು ಕಾಗದ ಕೂಡಿಸಲು ತೊಡಗಬೇಕು: ಶಾಲೆಯ ದಾಖಲಾತಿ ಪುಸ್ತಕದ ನಕಲು, ಪಡಿತರ ಚೀಟಿ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಸಾಲದ ನೋಟಿಸುಗಳು, ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿಗಳು, ಮಾನಸಿಕ ಆರೋಗ್ಯದ ಆಸ್ಪತ್ರೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೋ ಧಾರವಾಡದ ಡಿಮ್ಹಾನ್ಸ್‌ನಲ್ಲಿಯೋ ತೋರಿಸಿದ್ದರೆ ಅಲ್ಲಿನ ದಾಖಲೆ. ಮೂರನೇ ತರಗತಿಗೆ ಶಾಲೆ ಬಿಡಿಸಿ ಇಟ್ಟಿಗೆ ಗೂಡಿಗೆ ಕಳುಹಿಸಿದ ಹುಡುಗನ ಕಥೆಯನ್ನು ತಾಯಿ ಅಳುತ್ತ ಹೇಳುವುದು ಒಂದು, ಅದೇ ಶಾಲೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಶಾಲೆ ಬಿಟ್ಟ ದಿನಾಂಕ ಕಾಣಿಸುವುದು ಇನ್ನೊಂದು, ಎರಡೂ ಬೇಕು. ಕಲಿಸಿದ ಮೇಷ್ಟ್ರು, ಕೂಲಿಗೆ ಕರೆದ ಮೇಸ್ತ್ರಿ, ಊರಿನ ಆಶಾ ಕಾರ್ಯಕರ್ತೆ ಇವರಲ್ಲಿ ಯಾರು ಪ್ರಮಾಣಪತ್ರ ಕೊಡಲು ಸಿದ್ಧರಿದ್ದಾರೆಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಶಾಲೆಯ ಪುಸ್ತಕ ಶಿಕ್ಷೆಯನ್ನು ತಗ್ಗಿಸುವುದಷ್ಟೇ ಅಲ್ಲ, ಕೆಲವೊಮ್ಮೆ ಇಡೀ ಪ್ರಕರಣದ ದಿಕ್ಕನ್ನೇ ಬದಲಿಸುತ್ತದೆ. ಪುಣೆಯ ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ರಾಜಸ್ಥಾನ ಮೂಲದ ನಾರಾಯಣ ಚೇತನ್‌ರಾಮ್ ಚೌಧರಿ ಕೃತ್ಯ ನಡೆದಾಗ 12 ವರ್ಷ 6 ತಿಂಗಳ ಬಾಲಕನಾಗಿದ್ದನೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಒಪ್ಪಿದ್ದು ಹಳ್ಳಿಯ ಶಾಲೆಯ ದಾಖಲೆಯನ್ನು ನಂಬಿ. ಅಷ್ಟರಲ್ಲಿ ಅವನು 28 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಅಪ್ರಾಪ್ತ ವಯಸ್ಸಿನ ವಾದವನ್ನು ಯಾವ ಹಂತದಲ್ಲಾದರೂ, ಅಂತಿಮ ತೀರ್ಪಿನ ನಂತರವೂ, ಎತ್ತಬಹುದು.

ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆ ಹೈಕೋರ್ಟ್ ದೃಢೀಕರಿಸುವವರೆಗೆ ಜಾರಿಯಾಗದು. ಕಡತ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಹಾಗೆಂದು ಸುಮ್ಮನಿರಬಾರದು. ತೀರ್ಪಿನ ಉಚಿತ ಪ್ರತಿ ಪಡೆದು, 30 ದಿನಗಳೊಳಗೆ ಮೇಲ್ಮನವಿಯನ್ನೂ ಹಾಕಬೇಕು. ಅಲ್ಲಿ ಸೋತರೂ, ಸುಪ್ರೀಂ ಕೋರ್ಟಿನ ಮೊದಲ ತೀರ್ಪಿನಲ್ಲಿ ಸೋತರೂ ದಾರಿ ಮುಗಿಯುವುದಿಲ್ಲ. ಮಹಾರಾಷ್ಟ್ರದ ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ 2009ರಲ್ಲಿ ಗಲ್ಲು ಖಚಿತಪಡಿಸಿದ ಅದೇ ಸುಪ್ರೀಂ ಕೋರ್ಟ್, 2019ರ ಮಾರ್ಚ್‌ನಲ್ಲಿ ಅವರೆಲ್ಲರನ್ನೂ ನಿರಪರಾಧಿಗಳೆಂದು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರಣದಂಡನೆಯ ಪ್ರಕರಣಗಳಲ್ಲಿ ಪುನರ್‌ಪರಿಶೀಲನಾ ಅರ್ಜಿಯನ್ನು (ತನ್ನ ತೀರ್ಪನ್ನೇ ಮತ್ತೊಮ್ಮೆ ನೋಡುವಂತೆ ಸುಪ್ರೀಂ ಕೋರ್ಟನ್ನು ಕೇಳುವ ಅರ್ಜಿ) ತೆರೆದ ನ್ಯಾಯಾಲಯದಲ್ಲಿ ವಾದಿಸುವ ಹಕ್ಕು 2014ರಿಂದ ಇದೆ.

ಕ್ಷಮಾದಾನದ ಅರ್ಜಿಗೆ ಈಗ ಗಡುವಿದೆ. ಕ್ರಿಮಿನಲ್ ಮೊಕದ್ದಮೆಗಳ ವಿಧಿವಿಧಾನದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಸೆಕ್ಷನ್ ಪ್ರಕಾರ, ಮೇಲ್ಮನವಿ ವಜಾ ಆದ ಸಂಗತಿಯನ್ನು ಜೈಲು ಅಧೀಕ್ಷಕರು ತಿಳಿಸಿದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಮೊದಲು ರಾಜ್ಯಪಾಲರಿಗೆ ಸಲ್ಲಿಸಿದ್ದರೆ, ಅವರು ತಿರಸ್ಕರಿಸಿದ 60 ದಿನಗಳೊಳಗೆ ರಾಷ್ಟ್ರಪತಿಗಳಿಗೆ. ಮನೆಯವರೂ ಸಲ್ಲಿಸಬಹುದು. ಈ ಹಂತದಲ್ಲೂ ಉಚಿತ ಕಾನೂನು ನೆರವು ಸಿಗಬೇಕು, ತಿರಸ್ಕಾರವನ್ನು ಲಿಖಿತವಾಗಿ ತಿಳಿಸಬೇಕು, ಆಮೇಲೆ ನೇಣಿಗೆ ಮುನ್ನ 14 ದಿನಗಳ ಅಂತರ ಇರಬೇಕು ಎಂಬುದು 2014ರ ಜನವರಿಯ ಶತ್ರುಘ್ನ ಚೌಹಾಣ್ ತೀರ್ಪಿನ ಆದೇಶ. ಪಾಲಾರ್ ನೆಲಬಾಂಬ್ ಸ್ಫೋಟ ಪ್ರಕರಣದಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆಯ ಹಳೆಯ ಕಾಯ್ದೆ) ನ್ಯಾಯಾಲಯ ಜೀವಾವಧಿ ವಿಧಿಸಿ, ಸುಪ್ರೀಂ ಕೋರ್ಟ್ ಅದನ್ನು 2004ರಲ್ಲಿ ಮರಣದಂಡನೆಗೆ ಹೆಚ್ಚಿಸಿದ್ದ ನಾಲ್ವರು ವೀರಪ್ಪನ್ ಸಹಚರರಿಗೂ, ಅರ್ಜಿ ಇತ್ಯರ್ಥದಲ್ಲಾದ ವಿಳಂಬದ ಕಾರಣಕ್ಕೆ, ಜೀವ ಉಳಿದದ್ದು ಆ ತೀರ್ಪಿನಿಂದಲೇ.

ಜೈಲಿನೊಳಗಿನ ಸ್ಥಿತಿಯನ್ನೂ ಬರೆದಿಡಬೇಕು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲೇ ವರ್ಷಗಟ್ಟಲೆ ಏಕಾಂತದಲ್ಲಿಟ್ಟದ್ದು ಕಾನೂನುಬಾಹಿರವೆಂದು ಹೇಳಿ, 2022ರ ನವೆಂಬರ್‌ನಲ್ಲಿ ಅಲ್ಲಿನ ಕೈದಿ ಬಿ.ಎ. ಉಮೇಶ್ ಅವರ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು. ಭೇಟಿಗೆ ಹೋದಾಗಲೆಲ್ಲ ಕೈದಿಯನ್ನು ಯಾವ ಕೋಣೆಯಲ್ಲಿ, ಎಂದಿನಿಂದ, ಒಬ್ಬನೇ ಇರಿಸಿದ್ದಾರೆಯೇ ಎಂದು ಕೇಳಿ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ ಗುರುತು ಮಾಡಿಕೊಂಡು, ಆ ಪುಸ್ತಕದ ಒಂದು ನಕಲನ್ನು ವಕೀಲರ ಬಳಿ ಇಡಬೇಕು.