ಮಲ್ಲಿಗೆ ಅರಿಶಿನ ತಿನ್ನಿಸಿದ ಕಥೆ

ನಮ್ಮ ಕುದುರೆ ಮಲ್ಲಿಗೆ ಈಗ 19 ವರ್ಷ. ಮೊದಲು ರೇಸಿನಲ್ಲಿ ಓಡಿ, ಆಮೇಲೆ ಒಂದು ರೈಡಿಂಗ್ ಶಾಲೆಯಲ್ಲಿ ಮಕ್ಕಳನ್ನು ಹೊತ್ತು, ಕೊನೆಗೆ ಪುಣೆಯ ಹೊರಗೆ ಪೌಡ್ ರಸ್ತೆ ಕಡೆ ಇರುವ ನಮ್ಮ ಪುಟ್ಟ ಲಾಯಕ್ಕೆ ಬಂದು ಸೇರಿದ ಬಿಳಿ ಕುದುರೆ. ಮೂರು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಹೊರಗೆ ತಂದಾಗ ಮುಂಗಾಲು ಎತ್ತಿಡೋಕೆ ಒದ್ದಾಡಿದಳು. ಹತ್ತು ನಿಮಿಷ ನಡೆಸಿದ ಮೇಲೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ನಡೆದಳು. ನಮ್ಮ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವವರು, ವಿಜಯಪುರ ಕಡೆಯವರು, ನೋಡಿದ ಕೂಡಲೇ ಹೇಳಿದರು: "ಅಕ್ಕಾರ, ನಮ್ಮವ್ವಂದೂ ಹಿಂಗ ಆಗತೈತ್ರಿ. ಮುಂಜಾನಿ ಎದ್ದ ಕೂಡ್ಲೆ ಮಂಡಿ ಹಿಡೀತೈತಿ."

ಡಾಕ್ಟರು ಎಕ್ಸ್‌ರೇ ತೆಗೆದು ಹೇಳಿದ್ದೂ ಅದನ್ನೇ. ಬಲ ಮೊಣಕಾಲಿನ ಕೀಲು ಸವೆದಿದೆ, ಸವೆದದ್ದು ಮತ್ತೆ ಬೆಳೆಯೋದಿಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ. (ಮೊಣಕಾಲು ಅಂತ ನಾವು ಕರೆಯುತ್ತೇವೆ, ನಿಜವಾಗಿ ಅದು ನಮ್ಮ ಕೈಯ ಮಣಿಕಟ್ಟಿಗೆ ಸಮ.) ಕೆಲವು ದಿನಕ್ಕೆ ಬ್ಯೂಟ್ ಕೊಟ್ಟರು, ಅಂದರೆ ಫಿನೈಲ್‌ಬ್ಯುಟಜೋನ್ ಪುಡಿ. ನೋವು ಇಳಿಯಿತು, ಜೊತೆಗೆ ಮೇವು ಬಿಡುವುದಕ್ಕೂ ಶುರುಮಾಡಿದಳು. ಅದನ್ನು ಜಾಸ್ತಿ ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಆದ್ದರಿಂದ ಡಾಕ್ಟರೇ ನಿಲ್ಲಿಸಿದರು. ನಾನು ಗಿಡಮೂಲಿಕೆ ಕಡೆ ತಿರುಗಿದ್ದು ಆವಾಗ. ನಂಬಿಕೆಯಿಂದ ಅಲ್ಲ, ಬೇರೆ ದಾರಿ ಕಾಣದೆ.

ಮೊದಲು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅಂದರೆ ನೋಟ್‌ಬುಕ್. ಬೆಳಿಗ್ಗೆ ಲಾಯದಿಂದ ಹೊರಟ ಮೇಲೆ ಹೆಜ್ಜೆ ಸಡಿಲವಾಗೋಕೆ ಎಷ್ಟು ನಿಮಿಷ ಹಿಡಿಯಿತು ಅಂತ ದಿನಾ ಬರೆಯೋದು. ಭಾನುವಾರ ಅದೇ ಗಟ್ಟಿ ನೆಲದ ಮೇಲೆ ನೇರವಾಗಿ ಕುಕ್ಕುಲೋಟದಲ್ಲಿ ಓಡಿಸಿ ಮೊಬೈಲಿನಲ್ಲಿ ವಿಡಿಯೋ ಮಾಡೋದು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಮೇಲೆತ್ತುತ್ತದೆ. ಕಣ್ಣಿಗೆ ತಪ್ಪಿದ್ದು ನಿಧಾನ ಮಾಡಿದ ವಿಡಿಯೋದಲ್ಲಿ ಸಿಕ್ಕಿಬಿಡುತ್ತದೆ.

ಶುರುಮಾಡಿದ್ದು ಅರಿಶಿನದಿಂದ. ಎಲ್ಲರೂ ಹೇಳೋದು ಅದನ್ನೇ ಅಲ್ವಾ. ಆದರೆ ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್ ಅನ್ನೋ ಸತ್ವ ಇರೋದು ನೂರಕ್ಕೆ ಮೂರು ಪಾಲಿನಷ್ಟು ಮಾತ್ರ, ಅದೂ ಮೈಗೆ ಸರಿಯಾಗಿ ಹತ್ತೋದಿಲ್ಲ. ಅದಕ್ಕೇ ಎಣ್ಣೆ, ಕರಿಮೆಣಸು ಸೇರಿಸಿ ಕೊಡೋದು. ಒಂದು ಚಮಚದಿಂದ ಶುರುಮಾಡಿ ನಿಧಾನವಾಗಿ ಜಾಸ್ತಿ ಮಾಡಿದೆ, ಅಗಸೆ ಎಣ್ಣೆಯಲ್ಲಿ ಕಲೆಸಿ, ಚಿಟಿಕೆ ಕರಿಮೆಣಸಿನ ಪುಡಿ ಹಾಕಿ, ಗೋಧಿ ಬೂಸಾ ಜೊತೆ. ಮೆಣಸಿನ ವಿಷಯದಲ್ಲಿ ಒಂದು ಮಾತು: ಅದು ಅರಿಶಿನವನ್ನಷ್ಟೇ ಅಲ್ಲ, ಬೇರೆ ಔಷಧಿಗಳನ್ನೂ ಮೈ ಹೀರಿಕೊಳ್ಳುವ ರೀತಿ ಬದಲಿಸುತ್ತದೆ, ಹಾಗಾಗಿ ಬೇರೇನಾದರೂ ಕೊಡುತ್ತಿದ್ದರೆ ಡಾಕ್ಟರಿಗೆ ಹೇಳದೆ ಹಾಕಬೇಡಿ.

ಆರು ವಾರ ಕೊಟ್ಟೆ. ಬಿಳಿ ಮೂತಿ ಹಳದಿಯಾಯಿತು, ಬಾಲ್ದಿ ಹಳದಿ, ನನ್ನ ಕುರ್ತಾ ಹಳದಿ. ಮದುವೆಗೆ ಮುಂಚೆ ಅರಿಶಿನ ಹಚ್ಚಿಸಿಕೊಂಡ ಮದುಮಗಳ ಹಾಗೆ ನಿಂತಿರುತ್ತಿದ್ದಳು. ಮೈ ಕೂದಲು ಮಿಂಚಿತು, ಅದು ಎಣ್ಣೆಯ ಕೆಲಸ. ನೋಟ್‌ಬುಕ್ಕಿನಲ್ಲಿ ಮಾತ್ರ ಮೊದಲೂ ಹತ್ತು ಹನ್ನೆರಡು ನಿಮಿಷ, ಕೊನೆಗೂ ಹತ್ತು ಹನ್ನೆರಡು ನಿಮಿಷ.

ಆಮೇಲೆ ಶಲ್ಲಕಿ. ಮರಾಠಿಯಲ್ಲಿ ಸಾಲಯಿ ಅಂತಾರೆ, ಮಧ್ಯ ಭಾರತದ ಒಣ ಗುಡ್ಡಗಳಲ್ಲಿ ಬೆಳೆಯುವ ಮರ. ತೊಗಟೆ ಕೆತ್ತಿದರೆ ಅಂಟು ಸುರಿಯುತ್ತದೆ, ಅರಬ್ ಕಡೆಯ ಧೂಪದ ಮರದ ಸಂಬಂಧಿ. ಅದರಲ್ಲಿರುವ ಬಾಸ್ವೆಲಿಕ್ ಆಮ್ಲಗಳು ಉರಿಯೂತ ಹುಟ್ಟಿಸುವ ಒಂದು ಕಿಣ್ವವನ್ನು ತಡೆಯುತ್ತವೆ. ನಾನು ದುಡ್ಡು ಉಳಿಸೋಣ ಅಂತ ರವಿವಾರ ಪೇಠೆಗೆ ಹೋಗಿ ಹಸಿ ಅಂಟೇ ತಂದೆ. ಕುಟ್ಟಿ ಪುಡಿ ಮಾಡಿ ಹಾಕಿದರೆ ಮಲ್ಲಿ ಮೂಸಿ ನೋಡಿ ಬಾಲ್ದಿ ಒದ್ದಳು. ಮನೆಯೆಲ್ಲ ದೇವಸ್ಥಾನದ ವಾಸನೆ. ಅಷ್ಟೇ ಅಲ್ಲ, ಆ ಅಂಟಿನಲ್ಲಿ ಸತ್ವ ಎಷ್ಟು, ಕಸ ಎಷ್ಟು ಅಂತ ಅಂಗಡಿಯವರಿಗೇ ಗೊತ್ತಿರಲಿಲ್ಲ. ಡಾಕ್ಟರು ಬೈದು, ಬಾಸ್ವೆಲಿಕ್ ಆಮ್ಲ ಎಷ್ಟಿದೆ ಅಂತ ಲೇಬಲ್ಲಿನಲ್ಲಿ ಬರೆದಿರುವ ಸಾರದ ಪುಡಿ ತರಿಸಿ, ಅವಳ ತೂಕ ನೋಡಿ ಪ್ರಮಾಣ ಹೇಳಿದರು.

ನಾಲ್ಕನೇ ವಾರಕ್ಕೆ ಹನ್ನೆರಡು ನಿಮಿಷ ಐದಕ್ಕೆ ಇಳಿಯಿತು! ಕುಣಿದಾಡಿದೆ. ಆಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿದರೆ, ಅದೇ ತಿಂಗಳು ಲಾಳ ಕಟ್ಟುವವರು ಬಂದು, ಗೊರಸಿನ ಮುಂಭಾಗ ಉದ್ದವಾಗಿ ಬೆಳೆದಿದೆ ಅಂತ ಕತ್ತರಿಸಿ ಹೋಗಿದ್ದರು. ಗೊರಸು ಉದ್ದವಾದರೆ ಕಾಲು ಎತ್ತುವಾಗ ಪ್ರತಿ ಹೆಜ್ಜೆಗೂ ಭಾರ ಎಳೆದ ಹಾಗೆ ಇರುತ್ತದೆ. ಹಾಗಾದರೆ ಗುಣ ಮಾಡಿದ್ದು ಶಲ್ಲಕಿಯೋ, ಅವರ ಚಾಕುವೋ? ಡಾಕ್ಟರಿಗೆ ಕೇಳಿ ಮೂರು ವಾರ ಪುಡಿ ನಿಲ್ಲಿಸಿದೆ. ನಿಮಿಷ ಏಳೆಂಟಕ್ಕೆ ಏರಿತು, ಹನ್ನೆರಡಕ್ಕೆ ಹೋಗಲಿಲ್ಲ. ಮತ್ತೆ ಶುರುಮಾಡಿದೆ. ಒಂದೇ ಕುದುರೆಯ ಲೆಕ್ಕ ಇದು, ಆದರೆ ನನ್ನ ಪ್ರಕಾರ ದೊಡ್ಡ ಪಾಲು ಗೊರಸಿನದು, ಸಣ್ಣ ಪಾಲು ಪುಡಿಯದು.

ತೂಕದ ಪಾಲು ಇನ್ನೂ ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ಕುದುರೆ ತನ್ನ ತೂಕದಲ್ಲಿ ನೂರಕ್ಕೆ 60ರಷ್ಟನ್ನು ಮುಂಗಾಲುಗಳ ಮೇಲೇ ಹೊರುತ್ತದೆ. ಬಂದವರೆಲ್ಲ ಪ್ರೀತಿಯಿಂದ ಬೆಲ್ಲ ತಿನ್ನಿಸಿ ಅವಳು ಉಬ್ಬಿದ್ದಳು. ಬೆಲ್ಲ ಬಂದ್, ಹುರುಳಿ ಅರ್ಧ, ಕಾಂಕ್ರೀಟಿನ ಮೇಲೆ ರಬ್ಬರ್ ಹಾಸು. ಮಳೆಯಿದ್ದರೂ ದಿನಕ್ಕೆ ಎರಡು ಸಲ ನಡಿಗೆ, ಯಾಕಂದರೆ ನಿಂತಲ್ಲೇ ನಿಂತರೆ ಕೀಲು ಬಿಗಿಯುತ್ತದೆ. ಮಳೆಯಲ್ಲಿ ನಡೆಸೋದು ಸಾಯಿಸ್‌ಗೂ ಇಷ್ಟವಿಲ್ಲ, ಮಲ್ಲಿಗೂ ಇಲ್ಲ.

ಪರಿಚಯದವರೊಬ್ಬರು ವಿದೇಶದಿಂದ ಡೆವಿಲ್ಸ್ ಕ್ಲಾ ಡಬ್ಬಿ ತಂದುಕೊಟ್ಟಿದ್ದರು. ಕೀಲು ನೋವಿಗೆ ಕೊಡುವ, ಆಫ್ರಿಕಾದ ಕಲಹಾರಿ ಕಡೆಯ ಗೆಡ್ಡೆ. ಹೊಟ್ಟೆ ಹುಣ್ಣಿನ ಭಯವಿರುವ ಕುದುರೆಗೂ, ಗಬ್ಬದ ಕುದುರೆಗೂ ಅದು ಬೇಡ ಅಂತಾರೆ, ಹಾಗಾಗಿ ಮಲ್ಲಿಗೆ ಕೊಡಲಿಲ್ಲ. ಇನ್ನೊಂದು ಕಾರಣವೂ ಇತ್ತು. ಪಕ್ಕದ ಲಾಯದಲ್ಲಿರುವ ಎಳೆಯ ಕುದುರೆಯ ಮೇಲೆ ಒಬ್ಬ ಹುಡುಗಿ ಸ್ಪರ್ಧೆಗೆ ಹೋಗುತ್ತಾಳೆ. ಆ ಗೆಡ್ಡೆಯ ಸತ್ವ ಹಾರ್ಪಗೋಸೈಡ್, ಕುದುರೆ ಸ್ಪರ್ಧೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐಯ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ, ಸ್ಪರ್ಧೆಯ ದಿನ ರಕ್ತದಲ್ಲಿ ಸಿಕ್ಕರೆ ತಪ್ಪು ತಪ್ಪೇ. ಗಿಡದಿಂದ ಬಂದದ್ದು ಅಂದರೆ ಯಾರೂ ಬಿಡೋದಿಲ್ಲ. 2008ರ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗಿನಲ್ಲಿ ನಡೆದಾಗ ನಾಲ್ಕು ಕುದುರೆಗಳಲ್ಲಿ ಕ್ಯಾಪ್ಸೈಸಿನ್ ಸಿಕ್ಕಿತು, ನಮ್ಮ ಮೆಣಸಿನಕಾಯಿಯ ಖಾರ. ನಾರ್ವೆ ತಂಡದ ಕಂಚು ಹೋಯಿತು. ಅದಕ್ಕೇ ನಮ್ಮಲ್ಲಿ ಮಲ್ಲಿಯ ಬಾಲ್ದಿಗೆ ಕೆಂಪು ಬಣ್ಣ, ಚಮಚವೂ ಬೇರೆ, ಅವಳು ಬಿಟ್ಟ ಬೂಸಾ ಯಾರಿಗೂ ಇಲ್ಲ.

ಇನ್ನೊಂದು. ಕೀಲು ಬಿಸಿಯಾಗಿ ಊದಿದರೆ, ಅಥವಾ ಇದ್ದಕ್ಕಿದ್ದಂತೆ ಕುಂಟಿದರೆ ಪುಡಿ ಹುಡುಕಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಈಗ ಅವಳಿಗೆ ದಿನಾ ಶಲ್ಲಕಿ ಸಾರ, ಒಂದು ಹಿಡಿ ಬೇಯಿಸಿದ ಅಗಸೆ. ಅರಿಶಿನ ಬಿಟ್ಟಿದ್ದೇನೆ. ಸಾಯಿಸ್ ಮಾತ್ರ ಉಳಿದ ಡಬ್ಬಿಯನ್ನು ಊರಿಗೆ ತಗೊಂಡು ಹೋದರು. "ಅವ್ವಗ ಕೊಟ್ಟ ನೋಡ್ತೀನ್ರಿ" ಅಂದರು. "ನಿಮಿಷ ಬರೆದಿಡಿ" ಅಂದೆ.