ನಿದ್ದೆ ಬರ್ತಿಲ್ವಾ? ಪಿಸುಮಾತು ಕೇಳಿ ನೋಡಿ
ಅಮ್ಮ ಹರಳೆಣ್ಣೆ ಹಚ್ಚಿ ನಿಧಾನಕ್ಕೆ ಬೈತಲೆ ತೆಗೆಯುವಾಗ ನೆತ್ತಿಯಿಂದ ಬೆನ್ನಿಗೆ ಜುಮ್ ಅಂತ ಇಳಿಯುತ್ತಿತ್ತು, ಅಲ್ವಾ? ಅದಕ್ಕೆ 2010ರಿಂದ ಎಎಸ್‌ಎಂಆರ್ ಅಂತ ಹೆಸರಿದೆ. ಎಲ್ಲರಿಗೂ ಆಗಲ್ಲ. ಆಗುವವರು, ಪಿಸುಮಾತು, ಜಗಿಯುವ ಸದ್ದು ಹೀಗೆ ಮೆಲ್ಲಗಿನ ಸದ್ದುಗಳಿಂದ ಜುಮ್ಮೆನಿಸಲೆಂದೇ ಮಾಡಿದ ವಿಡಿಯೋ ನೋಡುವಾಗ ಎದೆಬಡಿತ ನಿಮಿಷಕ್ಕೆ ಸರಾಸರಿ 3ರಷ್ಟು ಇಳಿದದ್ದು 2018ರಲ್ಲಿ ಶೆಫೀಲ್ಡ್ ವಿಶ್ವವಿದ್ಯಾಲಯದವರ ಅಧ್ಯಯನದಲ್ಲಿ ಕಂಡಿದೆ.

ಮಲಗುವಾಗ ಇಯರ್‌ಫೋನ್ ಹಾಕಿ, ಸೌಂಡ್ ತೀರಾ ಕಡಿಮೆ ಇಡಿ. ಮೊದಲು ಪಿಸುಮಾತು ಕೇಳಿ, ಜಾಸ್ತಿ ಜನರಿಗೆ ಹಿಡಿಸುವುದು ಅದೇ. ನನಗೆ ಮಾತ್ರ ಕಾಗದದ ಪೊಟ್ಟಣ ಮೆಲ್ಲಗೆ ಬಿಚ್ಚುವ ಸರಬರ ಸದ್ದೇ ಆಗಬೇಕು. ಜಗಿಯುವ ಸದ್ದಿಗೆ ಸಿಟ್ಟು ಬಂದರೆ ಸುಮ್ನೆ ಬಿಟ್ಟುಬಿಡಿ. ಆಡಿಯೋ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಡುವೆ ಜಾಹೀರಾತು ಕಿರುಚಿದರೆ ಬಂದ ನಿದ್ದೆಯೂ ಹಾರಿಹೋಗುತ್ತದೆ. ದಿನಾ ಕೇಳಿ ಜುಮ್ಮೆನ್ನುವುದು ನಿಂತರೆ ಒಂದು ವಾರ ಬಿಟ್ಟು ಮತ್ತೆ ಕೇಳಿ.