ಪುಲಿ ನಾಯಿಯ ಜಡೆ: ಕೆಲಸವೆಲ್ಲ ಬುಡದಲ್ಲೇ

ನಾವು ಹಂಗೇರಿಗೆ ಬಂದ ಮೇಲೆ ಸಾಕಿದ ನಾಯಿ ಪುಲಿ, ಇಲ್ಲಿಯವರು ಕುರಿ ಮಂದೆ ಕಾಯಲು ಸಾಕುತ್ತಿದ್ದ ತಳಿ. ಮೈತುಂಬ ಕಪ್ಪು ಜಡೆ ಇಳಿಬಿಟ್ಟುಕೊಂಡು ಓಡುತ್ತದೆ. ಊರಿಂದ ಬಂದವರು ನೋಡಿ, "ಇಷ್ಟೂ ನೀವೇ ಹೆಣೆದದ್ದಾ?" ಅಂತ ಕೇಳುತ್ತಾರೆ. ಹೆಣೆಯುವುದೇನೂ ಇಲ್ಲ. ಒರಟಾದ ಹೊರಗೂದಲು, ಮೆತ್ತನೆಯ ಒಳಗೂದಲು ಎರಡೂ ಸುತ್ತಿಕೊಂಡು ತಾನಾಗಿ ಗಂಟಾಗುತ್ತವೆ. ಹಾಗಂತ ಸುಮ್ನೆ ಬಿಟ್ಟರೆ ಬಿಡಿಬಿಡಿ ಜಡೆ ಸಿಗುವುದಿಲ್ಲ, ಬೆನ್ನೆಲ್ಲ ಕಂಬಳಿ ಹಾಗೆ ಒಂದೇ ಆಗಿ ಅಂಟಿಕೊಳ್ಳುತ್ತದೆ.

ಮರಿಯ ಕೂದಲು ಬರೀ ನಯವಾಗಿತ್ತು. ಒಂದು ವರ್ಷ ತುಂಬುವ ಮೊದಲೇ ಚರ್ಮದ ಹತ್ತಿರ ಗಂಟುಗಳು ಕೈಗೆ ಸಿಗತೊಡಗಿದವು. ಬಾಚಣಿಗೆ ಎತ್ತಿಟ್ಟುಬಿಟ್ಟೆ. ಆಮೇಲೆ ಬೆರಳುಗಳದ್ದೇ ಕೆಲಸ. ಸಂಜೆ ನಾಯಿಯನ್ನು ಮಗ್ಗುಲಿಗೆ ಮಲಗಿಸಿ, ಒಂದು ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಚರ್ಮ ಮುಟ್ಟುವವರೆಗೂ ನಿಧಾನವಾಗಿ ಸೀಳುತ್ತೇನೆ. ಒಂದೊಂದು ಜಡೆಯ ಬುಡವೂ ಹೆಚ್ಚುಕಮ್ಮಿ ಪೆನ್ಸಿಲಿನಷ್ಟು ದಪ್ಪ ಇರಬೇಕು. ಎರಡು ಬುಡಗಳ ನಡುವೆ ಚರ್ಮ ಗೆರೆಯಾಗಿ ಕಂಡರೆ ಆ ಜಾಗ ಮುಗಿಯಿತು. ಕಿವಿಯ ಹಿಂದೆ, ಕಾಲಿನ ಸಂದಿಗಳಲ್ಲಿ, ಕೊರಳಪಟ್ಟಿ ಉಜ್ಜುವ ಕಡೆ ಬೇಗ ಕೂಡಿಕೊಳ್ಳುತ್ತದೆ. ಅಲ್ಲಿ ಪದೇ ಪದೇ ಕೈಯಾಡಿಸಬೇಕು. ಹೀಗೆ ಕೈಯಾಡಿಸುವಾಗಲೇ ಉಣುಗು, ಹುಲ್ಲಿನ ಮುಳ್ಳು, ಚರ್ಮದ ಗಾಯ ಎಲ್ಲ ಸಿಗುವುದು. ಕಣ್ಣಿಗೆ ಕಾಣಲ್ಲ.

ಸ್ನಾನಕ್ಕೆ ರಜಾ ದಿನವೇ ಬೇಕು. ಜಡೆ ಪೂರ್ತಿ ನೆನೆಯಲೇ ತುಂಬ ಹೊತ್ತು ಹಿಡಿಯುತ್ತದೆ. ಶಾಂಪೂವನ್ನು ಬಕೆಟ್ ನೀರಿಗೆ ತೆಳ್ಳಗೆ ಕಲಸಿ ಸುರಿದು, ಜಡೆಗಳನ್ನು ಮುಷ್ಟಿಯಲ್ಲಿ ಹಿಸುಕುತ್ತೇನೆ. ಉಜ್ಜಲೇಬಾರದು. ಕಂಡೀಷನರ್ ಬೇಡವೇ ಬೇಡ. ಹಿಂಡಿದಾಗ ನೊರೆ ಬರುವುದು ನಿಲ್ಲುವವರೆಗೂ ತೊಳೆಯಬೇಕು. ಸೋಪು ಒಳಗೆ ಉಳಿದರೆ ತುರಿಕೆ ಶುರುವಾಗುತ್ತದೆ.

ನನ್ನ ಪ್ರಕಾರ ಒಣಗಿಸುವುದೇ ಎಲ್ಲಕ್ಕಿಂತ ಜಾಸ್ತಿ ಕೆಲಸ. ಮೊದಲು ಟವೆಲ್‌ನಲ್ಲಿ ಒತ್ತಿ ಒತ್ತಿ ನೀರು ತೆಗೆಯುತ್ತೇನೆ. ಆಮೇಲೆ ಸುಡದಂಥ ಗಾಳಿಯ ಡ್ರೈಯರ್, ರಾತ್ರಿಯಿಡೀ ಫ್ಯಾನ್. ಮರುದಿನ ಮೇಲೆಲ್ಲ ಗರಿಗರಿಯಾಗಿ ಕಂಡರೂ ನಂಬಬಾರದು. ಹೊಟ್ಟೆಯ ಪಕ್ಕದ ದಪ್ಪ ಜಡೆಯೊಂದನ್ನು ಬುಡದಲ್ಲಿ ಹಿಸುಕಿ ಮೂಸಿ ನೋಡುತ್ತೇನೆ. ತಣ್ಣಗಿದ್ದರೆ ಇನ್ನೂ ಪಸೆ ಇದೆ. ಮುಗ್ಗಲು ವಾಸನೆ ಬಂದರಂತೂ ತಡಮಾಡದೆ ಮತ್ತೆ ಡ್ರೈಯರ್ ಹಿಡಿಯಬೇಕು. ಒಳಗೆ ಬೂಷ್ಟು ಹಿಡಿದರೆ ಎಷ್ಟು ತೊಳೆದರೂ ಹೋಗುವುದು ಕಷ್ಟ, ಕತ್ತರಿಯೇ ಗತಿ.

ಬಾಯಿಯ ಸುತ್ತ, ಬಾಲದ ಕೆಳಗೆ ಗಿಡ್ಡಕ್ಕೆ ಕತ್ತರಿಸುತ್ತೇನೆ. ಊಟ, ಕೊಳೆ ಮೆತ್ತಿಕೊಳ್ಳುವುದು ಅಲ್ಲೇ ಅಲ್ವಾ. ಜಡೆ ವರ್ಷಗಟ್ಟಲೆ ಬೆಳೆದು ನೆಲ ಮುಟ್ಟುತ್ತದೆ. ಮುಟ್ಟಿದ ಮೇಲೆ ತುದಿಯನ್ನೂ ಕತ್ತರಿಸುತ್ತಿರಬೇಕು.

ಮಲೆನಾಡಲ್ಲೋ ಕರಾವಳಿಯಲ್ಲೋ ಇಂಥ ನಾಯಿ ಸಾಕಬಹುದಾ ಅಂತ ಯಾರಾದರೂ ಕೇಳಿದರೆ, ಜಡೆ ಬಿಡಬೇಡಿ ಅನ್ನುತ್ತೇನೆ. ಆ ಮಳೆಗಾಲದಲ್ಲಿ ಒಣಗಿಸುವುದು ಆಗದ ಮಾತು. ಮೈಗೂದಲು ಗಿಡ್ಡ ಮಾಡಿಸಿ, ನಾಯಿ ಆರಾಮಾಗಿ ಓಡಾಡಲಿ.